ಮುರಿಗೆಪ್ಪನ ಕಲ್ಲಿನ ಎರಡನೇ ಸಾಲು

ಮೊನ್ನೆ ಬನಹಟ್ಟಿಯ ಹಿಂದಿನ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ಬೀದಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ನೂಲಿನ ಹಾಸು ಚಾಚಿದ್ದರು. ಪಕ್ಕದಲ್ಲಿ ಹಂಡೆಯೊಳಗೆ ಆ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿತ್ತು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಳಸಿದ ಅನ್ನ ಮತ್ತು ಒದ್ದೆ ಗೋಣಿಚೀಲ ಮದುವೆಯಾಗಿ, ಒಂದೇ ವರ್ಷಕ್ಕೆ ಅವಳಿ ಮಕ್ಕಳನ್ನು ಹೆತ್ತರೆ ಆ ಮನೆಯಲ್ಲಿ ಬರುವ ವಾಸನೆ. ನಮ್ಮೂರಲ್ಲಿ ಹುಟ್ಟಿದವರಿಗೆ ಅದು ವಾಸನೆಯೇ ಅಲ್ಲ, ಗಾಳಿ. ನನಗೆ ಮಾತ್ರ ಎರಡು ವರ್ಷದಿಂದ ಅದು ಮೂಗಿಗೆ ತಾಗಿದರೆ ಸಾಕು, ಬೆನ್ನ ಮೇಲೆ ಯಾರೋ ತಣ್ಣನೆಯ ಕೈ ಎಳೆದಂತಾಗುತ್ತದೆ.

ಕಾರಣ ಆ ಬೇಸಿಗೆ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಯಾರು ಯಾರೆಂದು ಹುಡುಕಲು ಹೋಗಬೇಡಿ. ಹುಡುಕಲು ಹೋದವರ ಕಥೆಯೇ ಇದು.

ನಾನು ಆಗಷ್ಟೇ ಹತ್ತನೇ ಪರೀಕ್ಷೆ ಬರೆದು ಕೈ ತೊಳೆದುಕೊಂಡಿದ್ದೆ. ಬಿಸಿಲು ಎಷ್ಟಿತ್ತೆಂದರೆ, ಕಾಗೆಯೊಂದು ನೆರಳಿಗಾಗಿ ಇನ್ನೊಂದು ಕಾಗೆಯ ಕೆಳಗೆ ಕೂತಿದ್ದನ್ನು ನಾನೇ ನೋಡಿದ್ದೇನೆ. ಇದು ಸುಳ್ಳಲ್ಲ, ಮುಕ್ಕಾಲು ಪಾಲು ನಿಜ. ಆಗ ನಮ್ಮ ಓಣಿಯ ಚನಮಲ್ಲಪ್ಪ ಮಾಸ್ತರ್ ಒಂದು ಕೆಲಸ ಹಚ್ಚಿಕೊಂಡರು. ಅವರು ಕನ್ನಡ ಶಾಲೆಯಿಂದ ನಿವೃತ್ತರಾದವರು, ಮನೆಯಲ್ಲಿ ಬೈಯಲು ಮಕ್ಕಳು ಸಿಗದೆ ಸೊರಗಿದ್ದರು. ಊರಾಚೆಯ ಹಳೆಯ ರುದ್ರಭೂಮಿಯ ನಡುವೆ ರಸ್ತೆ ಹಾಯುತ್ತದೆ, ಮಳೆ ಹಿಡಿಯುವ ಮೊದಲು ಕಲ್ಲುಗಳನ್ನೆಲ್ಲ ಕೀಳುತ್ತಾರೆ ಎಂದು ಸುದ್ದಿ ಬಂದಿತ್ತು. ಕೀಳುವ ಮೊದಲು ಒಂದೊಂದು ಗೋರಿಕಲ್ಲಿನ ಮೇಲಿನ ಬರಹವನ್ನೂ ಒಂದು ದಪ್ಪ ವಹಿಯಲ್ಲಿ ಬರೆದಿಡಬೇಕು, ಪ್ರತಿ ಮನೆಗೂ ತನ್ನ ಹಿರಿಯರು ಯಾರೆಂದು ಗೊತ್ತಿರಬೇಕು ಎಂಬುದು ಮಾಸ್ತರರ ಹಟ.

ಚಹಾದಂಗಡಿಯಲ್ಲಿ ಹದಿಮೂರು ಜನ ಎದೆ ತಟ್ಟಿ ಬರುತ್ತೇವೆಂದರು. ಮರುದಿನ ಬೆಳಿಗ್ಗೆ ರುದ್ರಭೂಮಿಯ ಬಾಗಿಲಲ್ಲಿ ನಿಂತವರು ಮೂವರು. ಮಾಸ್ತರ್, ನಮ್ಮ ಓಣಿಯಲ್ಲಿ ನೂಲಿಗೆ ಗಂಜಿ ಹಚ್ಚುವ ಗಂಗವ್ವ ಕಾಕು, ನಾನು. ನನ್ನನ್ನು ಕಳಿಸಿದವರು ಅಪ್ಪ.

"ಹೋಗಲೇ ಶಂಕ್ರ್ಯಾ," ಅಂದಿದ್ದರು. "ಮನ್ಯಾಗ ನಿನ್ನ ಮಾತು ಕೇಳಿ ಎಲ್ಲಾರೂ ಎದ್ದು ಹೋಗಾಕತ್ತಾರ. ಅಲ್ಲಿ ಯಾರೂ ಏಳಂಗಿಲ್ಲ."

ಕೆಲಸದ ರೀತಿ ಗಂಗವ್ವ ಕಾಕುವಿನದು. ಸವೆದ ಅಕ್ಷರ ಕಣ್ಣಿಗೆ ಸಿಗದಿದ್ದಾಗ ಹಳೆಯ ತೆಳು ಬಟ್ಟೆಯೊಂದನ್ನು ಗಂಜಿಯಲ್ಲಿ ಅದ್ದಿ ಕಲ್ಲಿನ ಮುಖಕ್ಕೆ ಹಾಸುವುದು. ನೂಲಿಗೆ ಗಂಜಿ ಹಚ್ಚುವ ದೊಡ್ಡ ಕುಂಚದಿಂದ ಮೆಲ್ಲಗೆ ಬಡಿಯುವುದು. ಬಟ್ಟೆ ಅಕ್ಷರದ ಕುಳಿಯೊಳಗೆ ಇಳಿದು ಒಣಗುತ್ತದೆ. ಆಮೇಲೆ ಮೇಲಿನಿಂದ ಬಟ್ಟೆಗೆ ಹಾಕುವ ನೀಲಿಯನ್ನು ಒಣ ಅರಿವೆಯಲ್ಲಿ ಒರೆಸಿದರೆ, ಬಟ್ಟೆಯೆಲ್ಲ ನೀಲಿಯಾಗಿ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಮೂವತ್ತು ವರ್ಷ ಗಂಜಿಯಲ್ಲಿ ಕೈ ಇಟ್ಟುಕೊಂಡು ಬದುಕಿದ ಹೆಂಗಸಿಗೆ ಮಾತ್ರ ಹೊಳೆಯುವ ಉಪಾಯ. ಕಾಕುವಿಗೆ ಒಂದಕ್ಷರ ಓದಲು ಬಾರದು. ಮಾಸ್ತರರ ಎರಡೂ ಕಣ್ಣಿಗೆ ಪೊರೆ. ಹಾಗಾಗಿ ಓದುವವನು ನಾನು. ಪ್ರತಿ ಬರಹದ ಕೆಳಗೆ 'ಓದಿದವರು' ಎಂದು ಬರೆದು ನನ್ನ ಸಹಿ ಹಾಕಿಸುತ್ತಿದ್ದರು. ಹದಿನಾರನೇ ವಯಸ್ಸಿಗೆ ಇಷ್ಟು ಅಧಿಕಾರ ಸಿಕ್ಕರೆ ಮನುಷ್ಯ ಕೆಡದೆ ಏನಾಗುತ್ತಾನೆ?

ಮಾಸ್ತರರ ನಿಯಮ ಒಂದೇ. ಗಂಜಿ ಹಚ್ಚುವ ಮೊದಲು ಬೆರಳಿನ ಗಂಟಿನಿಂದ ಕಲ್ಲನ್ನು ಬಡಿದು ಕೇಳಬೇಕು. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಪದರು ಬಿಟ್ಟಿದೆ, ಅಂಥ ಕಲ್ಲಿಗೆ ಬಟ್ಟೆ ಹಾಕಬಾರದು, ಕಣ್ಣಿನಲ್ಲೇ ಓದಬೇಕು.

"ಡಬ್ ಅಂತಂದ್ರ ಕೈ ಮುಗದು ಹಿಂದ ಸರಿ. ತಿಳೀತೇನಲೇ?"

"ತಿಳೀತ್ರಿ ಮಾಸ್ತರ. ಒಳಗಿನವರು ಯಾರಂತ ಕೇಳಿದ್ರ ಏನ್ ಹೇಳ್ಲಿರಿ?"

"ನಿನ್ನ ಹೆಸರು ಹೇಳು. ಅವರ ಎದ್ದು ಓಡತಾರ."

ಮೊದಲ ವಾರ ಚೆನ್ನಾಗಿಯೇ ಓದಿದೆ. ಎರಡನೇ ವಾರ ಬೇಸರ ಬಂತು. ಸತ್ತವರೆಲ್ಲ ಒಂದೇ ಥರ ಸತ್ತಿದ್ದರು: ಹೆಸರು, ತಂದೆಯ ಹೆಸರು, ಕುಲದ ಗುರುತಾದ ಬೆಡಗು, ಅಷ್ಟೇ. ಹಾಗಾಗಿ ಅಲ್ಲಲ್ಲಿ ಸ್ವಲ್ಪ ಒಗ್ಗರಣೆ ಹಾಕತೊಡಗಿದೆ. ಒಬ್ಬನಿಗೆ 'ಶೂರ' ಸೇರಿಸಿದೆ. ಇನ್ನೊಬ್ಬನನ್ನು ಹುಲಿ ತಿಂದಿತು ಎಂದು ಓದಿದೆ. ಮಾಸ್ತರ್ ಪೆನ್ನು ಎತ್ತಿ, "ಹುಲಿ? ಬನಹಟ್ಟ್ಯಾಗ?" ಅಂದರು. "ತೋಳ ಇರಬೇಕ್ರಿ, ಅಕ್ಷರ ಸವದೈತಿ," ಅಂದೆ. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ನಕ್ಕರೆ ನನಗೆ ಎಂಥ ಸುಳ್ಳನ್ನಾದರೂ ಹೇಳುವ ಶಕ್ತಿ ಬರುತ್ತಿತ್ತು.

ಆ ಜಾಗದಲ್ಲಿ ಒಂದು ವಿಚಿತ್ರವಿತ್ತು. ಅಲ್ಲಿ ನಿಂತರೆ ಊರಿನ ಮಗ್ಗಗಳ ಸದ್ದು ಹಗಲಿಡೀ ಖಟಪಟ ಖಟಪಟ ಎಂದು ಕೇಳುತ್ತಿತ್ತು. ಅದು ಕೇಳುತ್ತಿರುವ ತನಕ ಗೋರಿಗಳ ನಡುವೆಯೂ ಭಯವಿಲ್ಲ. ಕರೆಂಟು ಹೋದ ಕೂಡಲೇ ಇಡೀ ಊರು ಒಂದೇ ಏಟಿಗೆ ಬಾಯಿ ಮುಚ್ಚುತ್ತಿತ್ತು. ಆಗ ಒಣ ಹುಲ್ಲು ಅಲ್ಲಾಡುವ ಸದ್ದು, ಎಲ್ಲೋ ಓತಿಕ್ಯಾತ ಹರಿದ ಸದ್ದು, ನನ್ನ ಎದೆಯ ಸದ್ದು. ನಾನು ಹೆದರುತ್ತಿರಲಿಲ್ಲ. ಸುಮ್ಮನೆ ಕಾಕುವಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಅವಳು ಹೆದರಬಾರದೆಂದು.

ಕಾಕು ದಿನಾ ಬರುತ್ತಿದ್ದುದು ಸಮಾಜಸೇವೆಗಲ್ಲ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಆತ ಎಳೆಯದರಲ್ಲೇ ತಂದೆತಾಯಿ ಕಳೆದುಕೊಂಡು ಯಾರದೋ ಮಗ್ಗದ ಮನೆಯಲ್ಲಿ ಬೆಳೆದವನು. ತನ್ನ ಬೆಡಗು ಯಾವುದೆಂದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಒಂದೇ, ಅಜ್ಜನ ಹೆಸರು ಮುರಿಗೆಪ್ಪ, ಅಜ್ಜನ ಕಲ್ಲಿನ ಮೇಲೆ ಮಗ್ಗದ ಲಾಳಿಯ ಚಿತ್ರವಿದೆ. ಈಗ ಅವಳ ಮಗಳು ಶೈಲಾಳಿಗೆ ಮುಧೋಳದಿಂದ ಸಂಬಂಧ ಬಂದಿತ್ತು. ಹುಡುಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ, ಶಾಂತ ಸ್ವಭಾವ, ಶೈಲಾಳನ್ನು ನೋಡಿದ ದಿನ ಚಹಾಕ್ಕೆ ಸಕ್ಕರೆ ಹಾಕಿಲ್ಲವೆಂಬುದೇ ತಿಳಿಯದೆ ಎರಡು ಕಪ್ ಕುಡಿದು ಹೋಗಿದ್ದ. ಎಲ್ಲ ಒಪ್ಪಿಗೆ. ಹುಡುಗನ ತಾಯಿಯದು ಮಾತ್ರ ಒಂದೇ ಮಾತು: ನಿಮ್ಮ ಬೆಡಗು ಹೇಳಿರಿ, ನಿಶ್ಚಯ ಮಾಡೋಣ.

ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆ ಆಗುವಂತಿಲ್ಲ. ಬೆಡಗಿನ ಹೆಸರುಗಳೋ, ಜೀರಿಗೆ, ಮೆಣಸು, ಅರಿಸಿನ, ಸಂಪಿಗೆ. ಕೇಳಿದರೆ ಯಾರೋ ಅಡುಗೆಮನೆಯ ಡಬ್ಬಿ ಉರುಳಿಸಿದಂತೆ. ನಗು ಬರುತ್ತದೆ. ಇದೇ ಡಬ್ಬಿಯಿಂದ ಮದುವೆಗಳು ಮುರಿದದ್ದನ್ನು ಕಂಡವರಿಗೆ ಬರುವುದಿಲ್ಲ.

"ಅವರದು ಸಂಪಗಿ ಬೆಡಗು," ಎಂದು ಕಾಕು ಒಂದು ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುತ್ತ ಹೇಳಿದಳು. "ನಮ್ಮದು ಏನರೆ ಇರಲಿ ತಮ್ಮಾ, ಸಂಪಗಿ ಒಂದು ಆಗಿರಬಾರದು. ಶೈಲಾಗ ಇಪ್ಪತ್ನಾಕು ತುಂಬ್ಯಾವ. ಇಷ್ಟು ಸಮೀಪ ಬಂದದ್ದು ಇದ ಮೊದಲು. ಬೆಡಗ ಗೊತ್ತಿಲ್ಲದ ಮನಿ ಅಂತ ಮೂರು ಕಡೆ ವಾಪಸ್ ಹೋಗ್ಯಾರ."

"ನಾ ಅದೀನಲ್ಲ ಕಾಕು. ಕಲ್ಲು ಸಿಗಲಿ, ಒಂದ ನಿಮಿಷದಾಗ ಓದಿ ಒಗೀತೀನಿ."

ಕಲ್ಲು ಸಿಕ್ಕಿತು. ಜಾಲಿಕಂಟಿಯ ಬುಡದಲ್ಲಿ, ಅರ್ಧ ಮಣ್ಣಿನಲ್ಲಿ ಹೂತ ಹಾಸುಗಲ್ಲು. ಮೇಲೆ ಲಾಳಿ. ಮೊದಲ ಸಾಲು ಮಣ್ಣಿನ ಮೇಲಿದ್ದುದರಿಂದ ಸ್ಪಷ್ಟ: ಮುರಿಗೆಪ್ಪ. ಎರಡನೇ ಸಾಲು ಬೆಡಗಿನದು, ಮಣ್ಣು ಸರಿಸಿ ನೋಡಿದರೆ ಸವೆದು ನುಣ್ಣಗಾಗಿತ್ತು. ಕಾಕು ಅದರ ಮುಂದೆ ಕೂತು ಸೆರಗಿನಿಂದ ಲಾಳಿಯ ಧೂಳು ಒರೆಸಿದಳು. ಮರುದಿನ ಅವಳು ತಂದ ಗಂಜಿ ಬೇರೆಯೇ ಇತ್ತು. ತನ್ನ ಗಂಡನ ಅಜ್ಜನಿಗೆಂದು ದಪ್ಪಗೆ, ಚಮಚ ನೆಟ್ಟರೆ ನಿಲ್ಲುವಂತೆ ಕಾಸಿದ್ದಳು.

ಅಂದು ಮಾಸ್ತರ್ ಕಣ್ಣು ತೋರಿಸಲು ಜಮಖಂಡಿಗೆ ಹೋಗಿದ್ದರು. ನಾನು ಕಲ್ಲು ಬಡಿದೆ. ಡಬ್ ಅಂದಿತು.

ಇನ್ನೊಮ್ಮೆ ಬಡಿದೆ. ಡಬ್.

ಕೈ ಮುಗಿದು ಹಿಂದೆ ಸರಿಯಬೇಕಿತ್ತು. ಆದರೆ ಕಾಕು ನನ್ನ ಬಾಯನ್ನೇ ನೋಡುತ್ತಿದ್ದಳು. "ಗಟ್ಟಿ ಐತಿ ಬಿಡು ಕಾಕು," ಅಂದೆ.

ಬಟ್ಟೆ ಹಾಸಿ, ಬಡಿದು, ಒಣಗಲು ಬಿಟ್ಟೆವು. ಅವಳು ಹಂಡೆ ನೋಡಿಕೊಳ್ಳಲು ಮನೆಗೆ ಹೋದಳು. ನಾನು ಕಾಯಬೇಕಿತ್ತು. ಕಾಯುವುದು ನನಗೆ ಬಂದ ವಿದ್ಯೆಯಲ್ಲ. ಅವಳು ಬರುವಷ್ಟರಲ್ಲಿ ಬಟ್ಟೆ ಕೈಯಲ್ಲಿ ಹಿಡಿದು ರಾಜನಂತೆ ನಿಂತಿರಬೇಕು ಎಂದು, ನೀಲಿ ಹಚ್ಚುವ ಮೊದಲೇ ಮೂಲೆ ಹಿಡಿದು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಹಪ್ಪಳ ಮುರಿದಂಥ ಸದ್ದಾಯಿತು. ಅದೇ ಗಳಿಗೆಗೆ ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

ಬಟ್ಟೆ ನನ್ನ ಕೈಯಲ್ಲಿತ್ತು. ಅದರ ಹಿಂದೆ ಕಲ್ಲಿನ ಚರ್ಮವೂ ಬಂದಿತ್ತು. ಮುರಿಗೆಪ್ಪನ ಹೆಸರಿನ ಕೆಳಗೆ ಈಗ ಬರೀ ಬೋಳು, ಹೊಸ ಗಾಯದಂತೆ ತಿಳಿ ಬಣ್ಣ. ಆ ನಿಶ್ಶಬ್ದದಲ್ಲಿ ನನಗೆ ಯಾರೋ ಉಸಿರು ಬಿಟ್ಟಂತೆ ಕೇಳಿಸಿತು. ನಾನೇ ಬಿಟ್ಟಿದ್ದು. ಆದರೂ ತಿರುಗಿ ನೋಡಿದೆ.

ಬಟ್ಟೆಯನ್ನು ಚೀಲದೊಳಗೆ ತುರುಕಿದೆ. ಸಂಜೆಗೆ ಮಾಸ್ತರ್ ಜಮಖಂಡಿಯಿಂದ ನೇರ ಅಲ್ಲಿಗೇ ಬಂದರು, ಕಾಕುವೂ ಬಂದಳು. ಇಬ್ಬರೂ ಬೋಳು ಕಲ್ಲು ನೋಡಿದರು.

"ಬಟ್ಟಿ ಎಲ್ಲೈತಿ?" ಅಂದರು ಮಾಸ್ತರ್.

"ನಾಯಿ ಒಯ್ತ್ರಿ."

"ನಾಯಿ?"

"ಗಂಜಿ ವಾಸನಿಗೆ ಬಂತ್ರಿ. ಕೆಂಪ ನಾಯಿ, ಬಾಲ ಅರ್ಧ ಐತಿ, ಒಂದ ಕಣ್ಣ ಇಲ್ಲ. ಬಟ್ಟಿ ಕಚ್ಚಿ ಎಳೀತು, ಕಲ್ಲಿನ ಸಿಪ್ಪಿ ಸಮೇತ ಬಂತು. ಹಳ್ಳದ ತನಕ ಬೆನ್ನ ಹತ್ತಿದೆ. ತಿರುಗಿ ನಿಂತು ಗುರ್ ಅಂತು, ಹಲ್ಲ ಇಷ್ಟಿಷ್ಟುದ್ದ."

ಕಾಕು ನೆಲದ ಮೇಲೆ ಕುಸಿದು ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆನೋ ಏನೋ. ಸುಮ್ಮನೆ ಬೋಳು ಜಾಗವನ್ನು ಅಂಗೈಯಿಂದ ಸವರತೊಡಗಿದಳು, ಜ್ವರ ಬಂದ ಕೂಸಿನ ಹಣೆ ಸವರಿದ ಹಾಗೆ.

"ಆದರ ನಾ ಅದಕ್ಕಿಂತ ಮೊದಲ ಓದೇನ್ರಿ," ಎಂದುಬಿಟ್ಟೆ. "ನೀಲಿ ಹಚ್ಚಿ ಓದಿದ ಮ್ಯಾಲ ನಾಯಿ ಬಂದದ್ದು."

ಇಬ್ಬರೂ ನನ್ನತ್ತ ತಿರುಗಿದರು.

"ಏನಿತ್ತು?" ಕಾಕುವಿನ ದನಿ ಕೇಳಿಸಿದ್ದೇ ಕಡಿಮೆ.

"ಜೀರಗಿ."

ಯಾಕೆ ಜೀರಿಗೆ? ಮೊದಲು ನೆನಪಾದದ್ದು ಅದು. ಮೆಣಸು ನೆನಪಾಗಿದ್ದರೆ ಅವರು ಮೆಣಸಿನವರಾಗುತ್ತಿದ್ದರು. ಮಾಸ್ತರ್ ತಮ್ಮ ಮಂಜು ಕಣ್ಣನ್ನು ನನ್ನ ಮುಖದ ಹತ್ತಿರ ತಂದರು. "ಶಂಕ್ರ್ಯಾ, ಖರೆ ಓದಿದ್ಯೇನಲೇ?" ಅಂದರು. "ಖರೇರಿ," ಅಂದೆ. ಅವರು ವಹಿಯಲ್ಲಿ ಬರೆದರು. ನಾನು ಸಹಿ ಹಾಕಿದೆ. ಸಹಿಯ ಕೆಳಗೆ ರೂಢಿಯಂತೆ ಎರಡು ಗೆರೆ ಎಳೆದೆ.

ಹದಿನೈದು ದಿನಕ್ಕೆ ಮದುವೆ ನಿಶ್ಚಯವಾಯಿತು. ನಾನು ಊರಿನಲ್ಲಿ ದೊಡ್ಡ ಮನುಷ್ಯನಾದೆ. ಹೋದಲ್ಲೆಲ್ಲ ನಾಯಿಯ ಕಥೆ ಕೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ನಾಯಿ ಕರುವಿನಷ್ಟಾಯಿತು. ಒಬ್ಬ ಹಿರಿಯರು ಅದನ್ನು ತಾವೂ ಕಂಡಿದ್ದಾಗಿ, ಅದು ನಾಯಿಯೇ ಅಲ್ಲವೆಂದು ಹೇಳತೊಡಗಿದರು. ಆಮೇಲೆ ಜನ ಆ ದಾರಿ ಬಿಟ್ಟು ಸುತ್ತಿ ಹೋಗತೊಡಗಿದರು. ಒಂದು ಮಧ್ಯಾಹ್ನ ಸೈಕಲ್ ಮೇಲೆ ಹಳ್ಳದ ಕಡೆ ಹೊರಟ ನಾನೂ ಸುತ್ತಿ ಹೋದೆ. ನಾನು ಹುಟ್ಟಿಸಿದ ನಾಯಿಗೆ ನಾನೇ ಹೆದರಿದೆ.

ಮದುವೆಗೆ ಆರು ದಿನವಿದ್ದಾಗ ಅವ್ವ ನನ್ನ ಚೀಲ ಒಗೆಯಲು ಕೇಳಿದಳು. ಅಟ್ಟಕ್ಕೆ ಓಡಿ, ಅಲ್ಲಿ ಬಚ್ಚಿಟ್ಟಿದ್ದ ಚೀಲದಿಂದ ಬಟ್ಟೆ ತೆಗೆದೆ. ಬಟ್ಟೆ ಗಂಜಿಗೆ ಮರದಂತೆ ಸೆಟೆದಿತ್ತು, ಹಿಂದೆ ಕಲ್ಲಿನ ಪೊರೆ ಹಾಗೇ ಅಂಟಿತ್ತು. ಸುಟ್ಟುಬಿಡಬಹುದಿತ್ತು. ಆದರೆ ಎಲ್ಲೋ ಒಂದು ಆಸೆ: ನನ್ನ ಅದೃಷ್ಟಕ್ಕೆ ಅಲ್ಲಿ ಜೀರಿಗೆಯೇ ಇದ್ದರೆ? ಹಾಗಿದ್ದರೆ ನಾನು ಸುಳ್ಳುಗಾರನಲ್ಲ, ಮಹಾಜ್ಞಾನಿ. ನೀಲಿ ತಂದು ಒರೆಸಿದೆ.

ಮೊದಲು ಬಿಳಿಯಾಗಿ ಒಂದು ಸೊನ್ನೆ ಎದ್ದಿತು. ಜೀರಿಗೆಯಲ್ಲಿ ಸೊನ್ನೆಯಿಲ್ಲ. ಕೈ ನಿಲ್ಲಿಸಬೇಕಿತ್ತು, ನಿಲ್ಲಲಿಲ್ಲ. ಒಂದೊಂದಾಗಿ ಬಂದವು. ಸಂ. ಪಿ. ಗೆ.

ಕೆಳಗೆ ಅವ್ವ ಕೂಗುತ್ತಿದ್ದಳು. ಹೊರಗೆ ಮುಂಗಾರಿಗೆ ಮುಂಚಿನ ಅಡ್ಡಮಳೆಯ ಗಾಳಿ ಎದ್ದು ಹೆಂಚು ಬಡಿಯುತ್ತಿತ್ತು.

ಬಟ್ಟೆ ಸುತ್ತಿಕೊಂಡು ಕಾಕುವಿನ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಹಂಡೆಯ ಗಂಜಿ ತಿರುವುತ್ತಿದ್ದಳು. ಒಳಗೆ ಶೈಲಾ ಗೆಳತಿಯರ ಜೊತೆ ಬಳೆ ನೋಡುತ್ತ ನಗುತ್ತಿದ್ದಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಕಾಕು, ನಾಯಿ ಬಂದಿರಲಿಲ್ಲ," ಅಂದೆ.

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ.

"ಕಲ್ಲು ಡಬ್ ಅಂದಿತ್ತು. ನಾನ ಎಳದು ಕಿತ್ತೀನಿ. ಜೀರಗಿ ಅಂತ ಸುಳ್ಳ ಹೇಳಿದೆ. ಇವತ್ತು ಓದೀನಿ." ಬಟ್ಟೆ ಬಿಚ್ಚಿ ತೋರಿಸಿದೆ. ಅವಳಿಗೆ ಓದಲು ಬಾರದೆಂಬುದು ಮರೆತಿತ್ತು. ಆದರೆ ನನ್ನ ಮುಖ ಓದಲು ಬಂದಿತು.

"ಸಂಪಗಿ?"

ಹೌದೆಂದು ತಲೆಯಾಡಿಸಿದೆ.

"ಯಾರ್ಯಾರಿಗೆ ತೋರಿಸಿದಿ?"

"ಯಾರಿಗೂ ಇಲ್ಲ."

"ಮಾಸ್ತರಿಗೆ?"

"ಇಲ್ಲ."

ಒಳಗಿಂದ ಮತ್ತೆ ಶೈಲಾಳ ನಗು. ಕಾಕು ಅತ್ತ ನೋಡಿದಳು. ಅವಳ ಮುಖದಲ್ಲಿ ನಾನು ಹುಡುಕಿದ್ದು ಸಿಟ್ಟು. ಒಂದು ಏಟು ಬಿದ್ದಿದ್ದರೆ ಹಾಯಾಗಿರುತ್ತಿತ್ತು.

"ಸಂಪಗಿಯವರು ಎಷ್ಟ ಮನಿ ಅದಾರ ಗೊತ್ತೇನು?" ಅಂದಳು ಮೆಲ್ಲಗೆ. "ರಬಕವಿ ತುಂಬ ಅದಾರ, ಬನಹಟ್ಟಿ ತುಂಬ ಅದಾರ. ಎಲ್ಲಾರೂ ಅಣ್ಣತಮ್ಮರಂತ. ಖರೇನ ಅಣ್ಣತಮ್ಮರಾಗಿದ್ರ ನನ್ನ ಗಂಡ ನಾಕು ವರ್ಷದ ಕೂಸು ಇದ್ದಾಗ ಮಂದಿ ಮನ್ಯಾಗ ನೂಲಿನ ಕಂಡಕಿ ಸುತಗೋತ ಯಾಕ ಬೆಳೀತಿದ್ದ? ಒಬ್ಬರರೆ ಬಂದು ನಮ್ಮ ಕೂಸು ಅಂದ್ರೇನು?"

ನಾನು ಬಟ್ಟೆಯನ್ನು ಮತ್ತೆ ಸುತ್ತತೊಡಗಿದೆ.

ಅವಳು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಒಮ್ಮೆ ಹಣೆಗೆ ಒತ್ತಿಕೊಂಡಳು. ಆಮೇಲೆ ಕುದಿಯುವ ಗಂಜಿಯೊಳಗೆ ಬಿಟ್ಟು ಕೋಲಿನಿಂದ ಒತ್ತಿದಳು. ಗಂಜಿ ನೀಲಿಯಾಯಿತು. ತಳದಲ್ಲಿ ಕಲ್ಲಿನ ಚೂರು ಕರಕರ ಎಂದು ತಿರುಗುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

"ಮಾಸ್ತರು ಏನ ಬರದಾರ ಅದ ಖರೆ," ಅಂದಳು. "ಹೋಗು. ಅಕ್ಕನ ಮದುವ್ಯಾಗ ನೀರ ಹಾಕಾಕ ಬರಬೇಕು, ತಪ್ಪಿಸಬ್ಯಾಡ."

ಆ ಗಂಜಿ ಹಚ್ಚಿದ ಹಾಸಿನಿಂದ ಎಷ್ಟು ಸೀರೆ ನೇಯ್ದರೋ, ಯಾವ ಯಾವ ಊರಿನ ಹೆಂಗಸರು ಮುರಿಗೆಪ್ಪನನ್ನು ಉಟ್ಟುಕೊಂಡು ಓಡಾಡಿದರೋ ಗೊತ್ತಿಲ್ಲ. ಎರಡು ದಿನಕ್ಕೆ ರಸ್ತೆಯವರು ಬಂದರು. ಕಲ್ಲುಗಳನ್ನು ಕಿತ್ತು, ಒಡೆದು, ಮೇಲೆ ಕೆಂಪು ಮಣ್ಣು ಸುರಿದರು. ಮಾಸ್ತರ್ ಛತ್ರಿ ಹಿಡಿದು ನಿಂತು ನೋಡಿದರು. "ಇನ್ನ ನಮ್ಮ ವಹಿ ಒಂದ ಸಾಕ್ಷಿ," ಅಂದರು. ನನಗೆ ಹುಲಿ ನೆನಪಾಯಿತು. ತೋಳವೂ.

ಮದುವೆಯ ದಿನ ಮುಧೋಳದಲ್ಲಿ ಮುಂಗಾರಿನ ಮೊದಲ ಮಳೆ. ಪೆಂಡಾಲಿನ ಬಟ್ಟೆ ನೀರು ನಿಂತು ಹೊಟ್ಟೆ ಬಂದವರಂತೆ ಜೋತು ಬಿದ್ದಿತ್ತು. ನಾನು ಕೈಯಲ್ಲಿ ನೀರಿನ ಜಗ್ಗು ಹಿಡಿದು ಒಂದೊಂದೇ ಅಪಶಕುನ ಎಣಿಸುತ್ತಿದ್ದೆ. ಹುಡುಗನ ತಾಯಿ ಬಂದು ನನ್ನ ಗದ್ದ ಹಿಡಿದಳು.

"ನೀನ ಏನು ಕಲ್ಲ ಓದಿದಾಂವ? ನೀ ಇಲ್ಲಂದ್ರ ಈ ಮದುವಿ ಇಲ್ಲಪಾ."

"ಹೌದ್ರಿ," ಅಂದೆ. ಅಕ್ಷರಶಃ ನಿಜವಾದ ಮಾತು.

ಮರುವರ್ಷ ಶೈಲಾ ಹೆರಿಗೆಗೆಂದು ಬಂದಳು. ಒಂಬತ್ತು ತಿಂಗಳು, ಮಗುವಿಗೆ ಏನಾದರೂ ಊನವಾದೀತೆಂದು ನಾನು ಪಟ್ಟ ಪಾಡು ಅವಳೂ ಪಟ್ಟಿರಲಾರಳು. ಹೆಣ್ಣು ಮಗು. ನೋಡಲು ಹೋದವರೆಲ್ಲ ಮೂಗು ಯಾರದು, ಬಣ್ಣ ಯಾರದು ಎನ್ನುತ್ತಿದ್ದರೆ ನಾನು ಮೂಲೆಯಲ್ಲಿ ಕೂತು ಮಗುವಿನ ಕೈಬೆರಳು ಎಣಿಸಿದೆ. ಆಮೇಲೆ ಕಾಲಿನವು. ಸಂಶಯ ಬಂದು ಇನ್ನೊಮ್ಮೆ ಎಣಿಸಿದೆ. ಇಪ್ಪತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಕಾಕು ನಿಂತಿದ್ದಳು. ಅವಳ ತುಟಿಯೂ ಅಲುಗುತ್ತಿತ್ತು. ಅವಳೂ ಎಣಿಸುತ್ತಿದ್ದಳು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

ಹೋದ ವಾರ ಮಧ್ಯಾಹ್ನ ಮನೆ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ರಬಕವಿಯವಳಂತೆ, ಜೊತೆಗೆ ಮದುವೆ ವಯಸ್ಸಿನ ಮಗಳು, ಕಂಕುಳಲ್ಲಿ ಬಟ್ಟೆಯ ಗಂಟು. ಅಪ್ಪ ಅವ್ವ ಮನೆಯಲ್ಲಿರಲಿಲ್ಲ. ಅದನ್ನು ನೋಡಿಕೊಂಡೇ ಬಂದಂತಿತ್ತು.

"ಕಲ್ಲ ಓದುವ ಶಂಕರಪ್ಪ ನೀನ ಏನು?"

"ಹೌದ್ರಿ. ಈಗ ಬಿಟ್ಟೀನ್ರಿ."

"ಗಂಗವ್ವ ಹೇಳಿ ಕಳಿಸ್ಯಾಳ. ನೀ ಭಾಳ ಛಲೋ ಓದತೀಯಂತ."

ಒಳಗೆ ಬಂದು ಗಂಟು ಬಿಚ್ಚಿದಳು. ಗಂಜಿ ಹಚ್ಚಿ ಒಣಗಿಸಿದ ಬಟ್ಟೆ, ಮೇಲೆ ಹಸಿ ನೀಲಿ. ಯಾವುದೋ ಊರಿನ ಯಾವುದೋ ಕಲ್ಲು. ಅಕ್ಷರಗಳು ಬೆಳ್ಳಗೆ, ಸ್ಪಷ್ಟವಾಗಿ, ಎರಡನೇ ಕ್ಲಾಸಿನ ಹುಡುಗನೂ ಓದುವಂತೆ ಎದ್ದು ಕೂತಿದ್ದವು. ಮಗಳು ನೆಲ ನೋಡುತ್ತ ನಿಂತಿದ್ದಳು.

ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. "ನನಗ ಓದಾಕ ಬರಂಗಿಲ್ರಿ," ಅಂದೆ.

ಆಕೆ ನಗಲಿಲ್ಲ. ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತಳು. ಬಟ್ಟೆಯನ್ನು ನನ್ನ ತೊಡೆಯ ಹತ್ತಿರ ಸರಿಸಿದಳು.

"ಬರದಿದ್ರೂ ನಡೀತೈತಿ ತಮ್ಮಾ," ಅಂದಳು. "ಯಾವ ಬೆಡಗ ಬ್ಯಾಡ ಅಂತ ನಾ ಮೊದಲ ಹೇಳತೀನಿ."